ಒಂದು ಪೇದೆ ಆಸೆಗೆ ಮಂತ್ರಿ ಕಳ್ಕೊಂಡ ಮೆಷಿನ್ನು: ಅಲನ್ ಟ್ಯೂರಿಂಗ್ ಕಥೆ

ನಮ್ಮೂರು ಕೊಡ್ಲಿಪೇಟೆ. ಕೊಡಗು ಅಂದ್ರೆ ಎಲ್ಲರಿಗೂ ಮಡಿಕೇರಿ ನೆನಪಾಗುತ್ತೆ. ನಮ್ಮದು ಜಿಲ್ಲೆಯ ಉತ್ತರದ ತುದಿ, ಸ್ವಲ್ಪ ಮುಂದೆ ಹೋದ್ರೆ ಹಾಸನ ಜಿಲ್ಲೆ ಶುರು. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಳೆ ಜೋರಾಗಿತ್ತು. ಎಲ್ಲೋ ಮರ ಬಿದ್ದು ಕರೆಂಟ್ ಹೋಯ್ತು, ಎರಡನೇ ದಿನಕ್ಕೆ ಫೋನೂ ಆಫ್ ಆಯ್ತು. ಆಗ ಅಜ್ಜ ಅಟ್ಟದಿಂದ ಚದುರಂಗದ ಬೋರ್ಡ್ ಇಳಿಸಿದ್ರು.

ಅಜ್ಜನ ಭಾಷೆಯಲ್ಲಿ ಕ್ವೀನ್ ಇಲ್ಲ, ಮಂತ್ರಿ. ರೂಕ್ ಅಂದ್ರೆ ಆನೆ, ಬಿಷಪ್ ಅಂದ್ರೆ ಒಂಟೆ, ನೈಟ್ ಅಂದ್ರೆ ಕುದುರೆ, ಪಾನ್ ಅಂದ್ರೆ ಪೇದೆ. ಈ ಲೇಖನದಲ್ಲೂ ಅದೇ ಹೆಸರುಗಳನ್ನ ಇಟ್ಕೊಂಡಿದ್ದೀನಿ. ಅಜ್ಜ ಒಂದೇ ಒಂದು ಪೇದೆ ಮುಂದಿದ್ರೂ ಸಾಕು, ಮಂತ್ರಿಗೆ ಮಂತ್ರಿ ಹೊಡ್ಕೊಳ್ಳೋಣ ಅಂತ ಬರ್ತಾರೆ. ನಾನು ಮಂತ್ರಿ ಎತ್ಕೊಂಡು ಓಡಿಹೋಗ್ತೀನಿ. ಮಂತ್ರಿ ಹೋದ್ಮೇಲೆ ಆಟದಲ್ಲಿ ಮಜಾ ಏನಿದೆ ಅನ್ನೋದು ನನ್ನ ವಾದ. ಆ ವಾದ ಇಟ್ಕೊಂಡು 11 ಆಟದಲ್ಲಿ 9 ಸೋತೆ.

ಹಾಸ್ಟೆಲ್‌ಗೆ ವಾಪಸ್ ಬಂದ್ಮೇಲೆ, ಮಂತ್ರಿ ಬದಲಾಯಿಸ್ಕೊಳ್ಳೋ ವಿಷಯದಲ್ಲಿ ಚೆಸ್ ಎಂಜಿನ್‌ಗಳು ಹೇಗೆ ತೀರ್ಮಾನ ಮಾಡ್ತವೆ ಅಂತ ಹುಡುಕೋಕೆ ಶುರು ಮಾಡಿದೆ. ಹುಡುಕ್ತಾ ಹುಡುಕ್ತಾ ಹಿಂದೆ ಹೋದ್ರೆ ಸಿಕ್ಕಿದ್ದು ಕಂಪ್ಯೂಟರೇ ಇಲ್ಲದೆ, ಬರೀ ಪೇಪರ್ ಮೇಲೆ ಓಡಿದ ಒಂದು ಎಂಜಿನ್. 1952ರಲ್ಲಿ ಅದು ಆಡಿದ ಆಟದ ಕೊನೆಯಲ್ಲಿ ನನ್ನದೇ ಪ್ರಶ್ನೆ ಬರುತ್ತೆ: ಮಂತ್ರಿ ಬದಲಾಯಿಸ್ಬೇಕಾ, ಬೇಡ್ವಾ? ಅದನ್ನು ಬರೆದವರು ಅಲನ್ ಟ್ಯೂರಿಂಗ್. ನಮಗೆ ಟ್ಯೂರಿಂಗ್ ಅಂದ್ರೆ ಸಿಲಬಸ್‌ನಲ್ಲಿ ಮೆಷಿನ್ ಹಿಂದೆ ಅಂಟಿಕೊಂಡಿರೋ ಒಂದು ಹೆಸರು ಅಷ್ಟೇ. ಆ ಮನುಷ್ಯನ ಜೀವನ ಓದಿದ ಮೇಲೆ ಇದನ್ನ ಬರೀಬೇಕು ಅನ್ನಿಸ್ತು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಭಾಷೆಯಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ತುಂಗಭದ್ರೆ ಸೇತುವೆ ಕಟ್ಟಿದ ಅಜ್ಜ

ಟ್ಯೂರಿಂಗ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ಆದ್ರೆ ಮನೆಯವರ ಬದುಕೆಲ್ಲ ನಮ್ಮ ಕಡೆಯೇ. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರು ಪಕ್ಕದ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ರೈಲ್ವೆ ಚೀಫ್ ಎಂಜಿನಿಯರ್. ಅವರಿಗೆ ಹೆಸರೂ ದುಡ್ಡೂ ತಂದುಕೊಟ್ಟಿದ್ದು ಎರಡು ಕೆಲಸ: ನಮ್ಮ ತುಂಗಭದ್ರಾ ನದಿಯ ಸೇತುವೆ, ಮತ್ತೆ ಸದ್ದು ಮಾಡದೆ ಪಂಖಾ ಎಳೆಯೋ ಒಂದು ಚಕ್ರದ ಪೇಟೆಂಟ್. ಎಲೆಕ್ಟ್ರಾನ್‌ಗೆ ಆ ಹೆಸರಿಟ್ಟ ಜಾರ್ಜ್ ಜಾನ್‌ಸ್ಟೋನ್ ಸ್ಟೋನಿ ಕೂಡ ಅದೇ ಮನೆತನದ ದೂರದ ಸಂಬಂಧಿ. ಇ ಅಂಡ್ ಸಿ ಬ್ರಾಂಚಿನವರು ಗಮನಿಸಿ.

ತಂದೆ ಜೂಲಿಯಸ್ ಟ್ಯೂರಿಂಗ್ ಐ.ಸಿ.ಎಸ್. ಅಧಿಕಾರಿ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಅವರು ಕೆಲಸ ಮಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ಬಳ್ಳಾರಿ ಆ ಪ್ರೆಸಿಡೆನ್ಸಿಗೇ ಸೇರಿತ್ತು. ಅಣ್ಣ ಜಾನ್ ಹುಟ್ಟಿದ್ದು ಕೂನೂರಿನಲ್ಲಿ. ಆದ್ರೆ ಇಲ್ಲಿಯ ಹವೆ ಮಗುವಿಗೆ ಒಗ್ಗಲ್ಲ ಅನ್ನೋ ಭಯದಲ್ಲಿ ಅಲನ್‌ನನ್ನು ಇಂಗ್ಲೆಂಡಿನಲ್ಲೇ, ಒಬ್ಬ ನಿವೃತ್ತ ಕರ್ನಲ್ ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ಭಾರತಕ್ಕೆ ಬಂದ್ರು. ವರ್ಷಗಟ್ಟಲೆ ಹೀಗೇ. ಅಜ್ಜ ಕಟ್ಟಿದ ಸೇತುವೆಯನ್ನ ಮೊಮ್ಮಗ ನೋಡಲೇ ಇಲ್ಲ.

ಶಾಲೆಯಲ್ಲಿ ಅಲನ್ ಟೀಚರ್‌ಗಳಿಗೆ ತಲೆನೋವು. ಕೈಬರಹ ಕೆಟ್ಟದು, ಲ್ಯಾಟಿನ್ ಬೇಡ, ಲೆಕ್ಕದಲ್ಲಿ ಸ್ಟೆಪ್ ಬರೀದೆ ನೇರ ಉತ್ತರ. 1926ರಲ್ಲಿ ಶೆರ್ಬರ್ನ್ ಶಾಲೆ ಸೇರೋಕೆ ಹೊರಟ ದಿನ ದೇಶವ್ಯಾಪಿ ಮುಷ್ಕರ, ರೈಲಿಲ್ಲ. ಇನ್ನೂ 14 ತುಂಬದ ಹುಡುಗ ಸುಮಾರು 60 ಮೈಲಿ ಸೈಕಲ್ ತುಳಿದು, ದಾರಿಯಲ್ಲಿ ಒಂದು ರಾತ್ರಿ ಹೋಟೆಲಲ್ಲಿ ಮಲಗಿ, ಶಾಲೆ ತಲುಪಿದ.

ಅಲ್ಲಿ ಸಿಕ್ಕಿದ ಒಬ್ಬನೇ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಇಬ್ಬರಿಗೂ ವಿಜ್ಞಾನದ ಹುಚ್ಚು. 1930ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಕ್ಷಯ ರೋಗದಿಂದ ತೀರಿಕೊಂಡ. ಅಲನ್ ಆ ಗೆಳೆಯನನ್ನು ಪ್ರೀತಿಸಿದ್ದ. ಗೆಳೆಯನ ತಾಯಿಗೆ ಎಷ್ಟೋ ವರ್ಷ ಕಾಗದ ಬರೀತಾ ಇದ್ದ. ಮನಸ್ಸು ಅನ್ನೋದು ದೇಹ ಇಲ್ಲದೆ ಇರೋಕೆ ಸಾಧ್ಯನಾ ಅಂತ ಯೋಚನೆ ಶುರುವಾಗಿದ್ದು ಆಗಲೇ.

ಟೇಪು ಮತ್ತು ಬಾಂಬ್

1931ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು. 22ನೇ ವಯಸ್ಸಿಗೆ ಅಲ್ಲೇ ಫೆಲೋ. 1936ರಲ್ಲಿ ನಮಗೆಲ್ಲ ಗೊತ್ತಿರೋ ಆ ಪ್ರಬಂಧ. ಒಂದು ಉದ್ದನೆ ಟೇಪು, ಅದರಲ್ಲಿ ಮನೆಗಳು, ಒಂದೊಂದೇ ಮನೆ ಓದಿ, ಬರೆದು, ಪಕ್ಕಕ್ಕೆ ಸರಿಯೋ ಒಂದು ಯಂತ್ರ. ನಿಯಮ ಹಾಕಿ ಮಾಡಬಹುದಾದ ಯಾವ ಲೆಕ್ಕವನ್ನಾದ್ರೂ ಈ ಯಂತ್ರ ಮಾಡುತ್ತೆ, ಮತ್ತೆ ಕೆಲವು ಪ್ರಶ್ನೆಗಳಿಗೆ ಯಾವ ಯಂತ್ರವೂ ಉತ್ತರ ಕೊಡೋಕಾಗಲ್ಲ ಅಂತ ತೋರಿಸಿದ್ರು. ನೆನಪಿಡಿ, ಆ ಕಾಲದಲ್ಲಿ ಕಂಪ್ಯೂಟರ್ ಅಂದ್ರೆ ಪೇಪರ್ ಪೆನ್ಸಿಲ್ ಹಿಡಿದು ಲೆಕ್ಕ ಹಾಕೋ ಮನುಷ್ಯ. ಟ್ಯೂರಿಂಗ್ ತಮ್ಮ ಯಂತ್ರವನ್ನ ಊಹಿಸಿಕೊಂಡಿದ್ದು ಅಂಥ ಒಬ್ಬ ಗುಮಾಸ್ತನನ್ನ ನೋಡಿಯೇ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಮಾರನೇ ದಿನವೇ ಬ್ಲೆಚ್ಲಿ ಪಾರ್ಕ್‌ಗೆ ಹಾಜರಾದ್ರು. ಜರ್ಮನ್ನರ ಎನಿಗ್ಮಾ ಯಂತ್ರದಲ್ಲಿ ಸೆಟ್ಟಿಂಗ್ ಎಷ್ಟು ಥರ ಇಡಬಹುದು ಅಂದ್ರೆ 159ರ ಮುಂದೆ 18 ಸೊನ್ನೆ. ಪೋಲೆಂಡಿನ ಗಣಿತಜ್ಞರು ಮೊದಲೇ ದಾರಿ ಮಾಡಿಕೊಟ್ಟಿದ್ರು. ಟ್ಯೂರಿಂಗ್ ಅದಕ್ಕೆ ಹೊಸ ಉಪಾಯ ಸೇರಿಸಿ ಬಾಂಬ್ ಅನ್ನೋ ಹೆಸರಿನ ಯಂತ್ರ ವಿನ್ಯಾಸ ಮಾಡಿದ್ರು, ಗಾರ್ಡನ್ ವೆಲ್ಚ್‌ಮನ್ ಅದನ್ನ ಇನ್ನೂ ಚುರುಕು ಮಾಡಿದ್ರು. ಎನಿಗ್ಮಾ ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಬರೆಯಲ್ಲ ಅನ್ನೋ ಒಂದು ಸಣ್ಣ ದೋಷ ಇತ್ತು. ಸಂದೇಶದಲ್ಲಿ ಇರಬಹುದಾದ ಪದವನ್ನ ಊಹಿಸಿ, ಹೊಂದದ ಸೆಟ್ಟಿಂಗ್‌ಗಳನ್ನ ಗುಡಿಸಿ ಹಾಕೋದು ಬಾಂಬ್ ಕೆಲಸ. ಯುದ್ಧ ಮುಗಿಯೋ ಹೊತ್ತಿಗೆ ಅಂಥ 200ಕ್ಕೂ ಹೆಚ್ಚು ಯಂತ್ರ ಓಡ್ತಿದ್ವು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಎಲ್ಲಿವೆ ಅಂತ ಹಡಗುಗಳಿಗೆ ಮೊದಲೇ ತಿಳಿಯೋಕೆ ಇದೇ ಕಾರಣ.

ಮನುಷ್ಯ ಮಾತ್ರ ವಿಚಿತ್ರ. ಟೀ ಕಪ್ಪನ್ನ ಯಾರೂ ಎತ್ಕೊಂಡು ಹೋಗಬಾರದು ಅಂತ ರೇಡಿಯೇಟರ್‌ಗೆ ಚೈನ್ ಹಾಕಿ ಕಟ್ಟಿದ್ರು. ಪರಾಗದ ಅಲರ್ಜಿ ಬಂದ್ರೆ ಗ್ಯಾಸ್ ಮಾಸ್ಕ್ ಹಾಕ್ಕೊಂಡು ಸೈಕಲ್ ಹೊಡೀತಿದ್ರು. ಆ ಸೈಕಲ್ ಚೈನ್ ಇಷ್ಟು ಸುತ್ತಿಗೊಮ್ಮೆ ಕಳಚುತ್ತೆ ಅಂತ ಲೆಕ್ಕ ಇಟ್ಕೊಂಡು, ಸರಿಯಾಗಿ ಆ ಸುತ್ತಿಗೆ ಮುಂಚೆ ನಿಲ್ಲಿಸಿ ಸರಿ ಮಾಡ್ಕೊಂಡು ಮುಂದೆ ಹೋಗ್ತಿದ್ರು. ಹೊಸ ಚೈನ್ ತಗೊಳ್ಳೋದು ಹೊಳೆಯಲಿಲ್ಲ ಅಂತೇನಲ್ಲ, ಲೆಕ್ಕ ಇಡೋದು ಖುಷಿ ಇರಬೇಕು.

ಬ್ಲೆಚ್ಲಿಯಲ್ಲಿ ಚದುರಂಗ ಆಡೋರ ದಂಡೇ ಇತ್ತು. ಹ್ಯೂ ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ, ಹ್ಯಾರಿ ಗೊಲಂಬೆಕ್, ಮೂವರೂ ಬ್ರಿಟನ್ ತಂಡದ ಆಟಗಾರರು. ಟ್ಯೂರಿಂಗ್‌ಗೆ ಆಟದ ಮೇಲೆ ಬಹಳ ಪ್ರೀತಿ, ಆಡೋಕೆ ಮಾತ್ರ ಬರ್ತಿರಲಿಲ್ಲ. ಗೊಲಂಬೆಕ್ ತಮ್ಮ ಮಂತ್ರಿಯನ್ನ ಬೋರ್ಡಿನಿಂದ ತೆಗೆದಿಟ್ಟು ಆಡಿದ್ರೂ ಟ್ಯೂರಿಂಗ್ ಸೋಲ್ತಿದ್ರು. ಟ್ಯೂರಿಂಗ್ ಸೋಲೊಪ್ಪಿಕೊಂಡ ಮೇಲೆ ಬೋರ್ಡ್ ತಿರುಗಿಸಿ, ಅದೇ ಸೋತ ಕಡೆಯಿಂದ ಆಡಿ ಗೊಲಂಬೆಕ್ ಗೆಲ್ತಿದ್ರಂತೆ. ಇದನ್ನ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು. ಆದ್ರೆ ಚೆನ್ನಾಗಿ ಆಡೋರು ಕೇಳದ ಪ್ರಶ್ನೆಯನ್ನ ಟ್ಯೂರಿಂಗ್ ಕೇಳ್ತಿದ್ರು: ಒಳ್ಳೆ ನಡೆ ಅಂತ ತೀರ್ಮಾನ ಮಾಡೋದನ್ನ ನಿಯಮವಾಗಿ ಬರೆಯೋಕಾಗುತ್ತಾ? ಜ್ಯಾಕ್ ಗುಡ್, ಡೊನಾಲ್ಡ್ ಮಿಚಿ ಅನ್ನೋ ಕಿರಿಯ ಸಹೋದ್ಯೋಗಿಗಳ ಜೊತೆ ಯುದ್ಧದ ನಡುವೆಯೇ ಈ ಚರ್ಚೆ ನಡೀತಿತ್ತು.

ಕಂಪ್ಯೂಟರ್ ಇಲ್ಲದ ಪ್ರೋಗ್ರಾಂ

ಯುದ್ಧ ಮುಗೀತು. ಮಾಡಿದ ಕೆಲಸ ಪೂರ್ತಿ ಗುಟ್ಟು, ಅಮ್ಮನಿಗೂ ಹೇಳೋ ಹಾಗಿಲ್ಲ. ಓ.ಬಿ.ಇ. ಪದಕ ಬಂತು, ಯಾಕೆ ಅಂತ ಹೊರಗೆ ಯಾರಿಗೂ ಗೊತ್ತಿಲ್ಲ. ಟ್ಯೂರಿಂಗ್ ಒಂದು ಎಲೆಕ್ಟ್ರಾನಿಕ್ ಕಂಪ್ಯೂಟರಿನ ವಿನ್ಯಾಸ ಬರೆದ್ರು, ಕಟ್ಟೋ ಕೆಲಸ ತಡವಾಗಿ ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದ್ರು. ಮಧ್ಯೆ ಮ್ಯಾರಥಾನ್ ಬೇರೆ ಓಡ್ತಿದ್ರು. 1947ರಲ್ಲಿ ಅವರ ಸಮಯ 2 ಗಂಟೆ 46 ನಿಮಿಷ 3 ಸೆಕೆಂಡ್.

ಆ 1948ರಲ್ಲೇ ಗೆಳೆಯ, ಅರ್ಥಶಾಸ್ತ್ರಜ್ಞ ಡೇವಿಡ್ ಚಾಂಪರ್‌ನೌನ್ ಜೊತೆ ಕೂತು ಚದುರಂಗದ ನಿಯಮಗಳನ್ನ ಬರೆದ್ರು. ಇಬ್ಬರ ಹೆಸರು ಸೇರಿಸಿ ಅದಕ್ಕೆ ಟ್ಯೂರೋಚಾಂಪ್ ಅಂತ ಹೆಸರು. ಓಡಿಸೋಕೆ ತಕ್ಕ ಕಂಪ್ಯೂಟರ್ ಇರಲಿಲ್ಲ. ಮ್ಯಾಂಚೆಸ್ಟರ್ ಮೆಷಿನ್‌ಗೆ ಅದನ್ನ ಕೋಡ್ ಮಾಡೋಕೆ ಶುರು ಮಾಡಿದ್ರು, ಮುಗಿಯಲಿಲ್ಲ. ಹಾಗಾಗಿ 1952ರಲ್ಲಿ ಅಲಿಕ್ ಗ್ಲೆನಿ ಅನ್ನೋ ಸಹೋದ್ಯೋಗಿಯನ್ನ ಎದುರಿಗೆ ಕೂರಿಸಿ, ಟ್ಯೂರಿಂಗ್ ತಾವೇ ಪ್ರೊಸೆಸರ್ ಆದ್ರು. ಸ್ವಂತ ಬುದ್ಧಿ ಉಪಯೋಗಿಸೋ ಹಾಗಿಲ್ಲ, ಪೇಪರ್ ಮೇಲಿನ ನಿಯಮ ಏನು ಹೇಳುತ್ತೋ ಅದೇ ನಡೆ. ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ.

ನಿಯಮ ಸಿಂಪಲ್ಲಾಗಿದೆ. ಪೇದೆ 1, ಕುದುರೆ 3, ಒಂಟೆ 3.5, ಆನೆ 5, ಮಂತ್ರಿ 10. ನನ್ನ ಕಾಯಿಗಳ ಮೊತ್ತವನ್ನ ಎದುರಾಳಿಯ ಮೊತ್ತದಿಂದ ಭಾಗಿಸು. ಕಳೆಯೋದಲ್ಲ, ಭಾಗಿಸೋದು. ಇದರಲ್ಲೇ ಮಂತ್ರಿ ಬದಲಾವಣೆಯ ಗುಟ್ಟಿದೆ. ನನ್ನ ಹತ್ರ 31, ನಿಮ್ಮ ಹತ್ರ 30 ಇದ್ರೆ ಅನುಪಾತ 1.033. ಮಂತ್ರಿಗೆ ಮಂತ್ರಿ ಹೊಡ್ಕೊಂಡ್ರೆ 21 ಮತ್ತು 20, ಅಂದ್ರೆ 1.05. ಮುಂದಿರೋನಿಗೆ ಬದಲಾವಣೆ ಲಾಭ, ಹಿಂದಿರೋನಿಗೆ ನಷ್ಟ. ನಮ್ಮಜ್ಜ ಒಂದು ಪೇದೆ ಮುಂದಾದ ತಕ್ಷಣ ಮಂತ್ರಿ ತಂದು ಎದುರಿಗೆ ನಿಲ್ಲಿಸೋದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಈ ಒಂದು ಭಾಗಾಕಾರದಿಂದ.

ಎಷ್ಟು ದೂರ ನೋಡ್ಬೇಕು? ತನ್ನ ಎಲ್ಲಾ ನಡೆ, ಅದಕ್ಕೆ ಎದುರಾಳಿಯ ಎಲ್ಲಾ ಉತ್ತರ. ಆಮೇಲೆ ಮುಖ್ಯವಾದ ಹೊಡೆತಗಳು ಉಳಿದಿದ್ರೆ ಮಾತ್ರ ಮುಂದೆ: ಕಾವಲಿಲ್ಲದ ಕಾಯಿ ಹೊಡೆಯೋದು, ಸಣ್ಣ ಕಾಯಿಯಿಂದ ದೊಡ್ಡದನ್ನ ಹೊಡೆಯೋದು, ಹೊಡೆದಿದ್ದಕ್ಕೆ ತಿರುಗಿ ಹೊಡೆಯೋದು, ಮೇಟ್ ಕೊಡೋದು. ಇವೇನೂ ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ ಲೆಕ್ಕ ಹಾಕು. ಲೆಕ್ಕ ಸಮ ಬಂದ್ರೆ ಮಾತ್ರ ಕಾಯಿಗಳಿಗೆ ಓಡಾಡೋಕೆ ಎಷ್ಟು ಮನೆ ಇದೆ, ರಾಜ ಎಷ್ಟು ಸುರಕ್ಷಿತ ಅನ್ನೋದು ಲೆಕ್ಕಕ್ಕೆ ಬರುತ್ತೆ.

ಆಟದ 29ನೇ ನಡೆಗೆ ಬರೋಣ. ಬಿಳಿ ಅಂದ್ರೆ ಮೆಷಿನ್. ಬಿಳಿ ರಾಜ ಡಿ2, ಮಂತ್ರಿ ಡಿ3, ಆನೆಗಳು ಡಿ1 ಮತ್ತು ಜಿ3, ಒಂಟೆ ಸಿ3, ಪೇದೆಗಳು ಬಿ2, ಸಿ2, ಇ4, ಎಫ್2, ಎಫ್3, ಎಚ್4. ಕಪ್ಪು ರಾಜ ಜಿ8, ಮಂತ್ರಿ ಬಿ5, ಆನೆಗಳು ಬಿ8 ಮತ್ತು ಸಿ8, ಒಂಟೆ ಎಚ್5, ಪೇದೆಗಳು ಎ7, ಡಿ6, ಇ5, ಎಫ್7, ಜಿ7, ಎಚ್7. ಕೂಡಿ ನೋಡಿ, ಎರಡೂ ಕಡೆ 29.5. ಮಂತ್ರಿಗಳು ಎದುರುಬದುರು. ಈಗ ಮೆಷಿನ್ ಮುಂದೆ ಎರಡು ದಾರಿ.

ಒಂದು, ಮಂತ್ರಿಗೆ ಮಂತ್ರಿ. ಕಪ್ಪು ಆನೆ ತಿರುಗಿ ಹೊಡೆಯುತ್ತೆ, ಎರಡೂ ಕಡೆ 19.5, ಅನುಪಾತ 1. ಇನ್ನೊಂದು, ಮಂತ್ರಿಯಿಂದ ಡಿ6 ಪೇದೆ ಹೊಡೆಯೋದು. 29.5ನ್ನ 28.5ರಿಂದ ಭಾಗಿಸಿದ್ರೆ 1.035. ಎದುರಾಳಿ ಏನೇ ಉತ್ತರ ಕೊಟ್ರೂ ಆ ನಡೆಯಲ್ಲೇ ಲಾಭ ಆಗೋ ಹಾಗೆ ಏನನ್ನೂ ಹೊಡೆಯೋಕಾಗಲ್ಲ. 1ಕ್ಕಿಂತ 1.035 ದೊಡ್ಡದು. ಪೇದೆ ತಿಂದಾಯ್ತು.

ಗ್ಲೆನಿ ಒಂದು ಆನೆಯನ್ನ ಡಿ8ಕ್ಕೆ ತಂದ್ರು. ಬೋರ್ಡ್ ನೋಡಿ: ಮಂತ್ರಿ ಹಿಂದೆ ಅದೇ ಸಾಲಿನಲ್ಲಿ ರಾಜ ನಿಂತಿದ್ದಾನೆ. ಮಂತ್ರಿ ಆ ಸಾಲು ಬಿಟ್ಟು ಅಲ್ಲಾಡೋ ಹಾಗಿಲ್ಲ. ಆನೆಯನ್ನೇ ಹೊಡೆದ್ರೆ ಇನ್ನೊಂದು ಆನೆ ಹಿಂದಿನಿಂದ ಕಾಯ್ತಿದೆ. ಲೆಕ್ಕ 19.5 ಮತ್ತು 23.5, ಅನುಪಾತ 0.83. ಅಲ್ಲಿಗೇ ಬಿಳಿ ಸೋಲೊಪ್ಪಿಕೊಳ್ತು. ಕಾವಲಿರೋ ಆನೆಯನ್ನ ಮಂತ್ರಿಯಿಂದ ಹೊಡೆಯೋದು ಮುಖ್ಯವಾದ ಹೊಡೆತ ಅಲ್ಲ, ಹಾಗಾಗಿ ನಿಯಮ ಅಲ್ಲೇ ನಿಂತುಬಿಟ್ಟಿತ್ತು. ಇನ್ನೊಂದೇ ಒಂದು ಹೆಜ್ಜೆ ನೋಡಿದ್ರೆ ಮಂತ್ರಿ ಹೋಗೋದು ಕಾಣ್ತಿತ್ತು. ಇವತ್ತಿನ ಎಂಜಿನ್‌ಗೆ ಈ ಸ್ಥಾನ ಕೊಟ್ರೆ, ಆ ಪೇದೆ ವಿಷ ಅಂತ ಹೇಳೋಕೆ ಒಂದು ಸೆಕೆಂಡೂ ಬೇಡ.

ಟ್ಯೂರಿಂಗ್‌ಗೆ ಇದು ಅವಮಾನ ಆಗಲಿಲ್ಲ. 1953ರಲ್ಲಿ ಒಂದು ಪುಸ್ತಕದ ಅಧ್ಯಾಯವಾಗಿ ಆಟವನ್ನ ಪೂರ್ತಿ ಛಾಪಿಸಿದ್ರು. ತಮ್ಮ ಪ್ರೋಗ್ರಾಂ ಎಲ್ಲಿ ಕುರುಡಾಗುತ್ತೆ ಅನ್ನೋದನ್ನ ಮುಚ್ಚಿಡಲಿಲ್ಲ.

ಅದೇ 1952

ಆ ವರ್ಷ ಅವರ ಬದುಕಿನಲ್ಲಿ ನಡೆದಿದ್ದು ಈ ಒಂದು ಆಟ ಮಾತ್ರ ಅಲ್ಲ. ಜನವರಿಯಲ್ಲಿ ಮನೆಯಲ್ಲಿ ಕಳ್ಳತನ ಆಯ್ತು. ಟ್ಯೂರಿಂಗ್ ತಾವೇ ಪೊಲೀಸರಿಗೆ ದೂರು ಕೊಟ್ರು. ವಿಚಾರಣೆ ಮಾಡ್ತಾ, 19 ವರ್ಷದ ಒಬ್ಬ ಯುವಕನ ಜೊತೆ ಅವರಿಗೆ ಸಂಬಂಧ ಇದ್ದಿದ್ದು ಹೊರಗೆ ಬಂತು. ಟ್ಯೂರಿಂಗ್ ಸುಳ್ಳು ಹೇಳಲಿಲ್ಲ, ಅದು ತಪ್ಪು ಅಂತ ಅವರಿಗೆ ಅನ್ನಿಸಿರಲೂ ಇಲ್ಲ. ಆದ್ರೆ 1885ರ ಕಾನೂನಿನ ಪ್ರಕಾರ ಅಪರಾಧ. ಕಳ್ಳನ ಕೇಸು ಪಕ್ಕಕ್ಕೆ ಹೋಗಿ ದೂರು ಕೊಟ್ಟವರೇ ಕಟಕಟೆಯಲ್ಲಿ ನಿಂತ್ರು.

ಮಾರ್ಚ್ 31ಕ್ಕೆ ತೀರ್ಪು. ಹ್ಯೂ ಅಲೆಕ್ಸಾಂಡರ್ ಬಂದು ಪರವಾಗಿ ಸಾಕ್ಷಿ ಹೇಳಿದ್ರು, ಇವರು ದೇಶದ ಆಸ್ತಿ ಅಂತ. ಆದ್ರೆ ಯಾಕೆ ಆಸ್ತಿ ಅನ್ನೋದನ್ನ ಹೇಳೋ ಹಾಗಿಲ್ಲ, ಬ್ಲೆಚ್ಲಿ ಇನ್ನೂ ಗುಟ್ಟು. ಯುದ್ಧದ ಆರು ವರ್ಷದ ಕೆಲಸ ಆ ಕೋರ್ಟಿನ ಬೋರ್ಡ್ ಮೇಲೆ ಇರಲೇ ಇಲ್ಲ. ಕಣ್ಣಿಗೆ ಕಾಣೋ ಎರಡು ಹೆಜ್ಜೆ ನೋಡಿ ಲೆಕ್ಕ ಮುಗಿಸಿದ್ರು. ಜೈಲು, ಇಲ್ಲಾ ಒಂದು ವರ್ಷ ಹಾರ್ಮೋನ್ ಚಿಕಿತ್ಸೆ, ಎರಡರಲ್ಲಿ ಒಂದು ಆರಿಸ್ಕೋಬೇಕು. ಕೆಲಸ ಮಾಡೋಕೆ ಹೊರಗಿರಬೇಕಿತ್ತು, ಚಿಕಿತ್ಸೆ ಆರಿಸಿಕೊಂಡ್ರು. ಈಸ್ಟ್ರೋಜನ್ ಕೊಟ್ರು. ದೇಹ ಬದಲಾಯ್ತು. ಗುಪ್ತ ಸಂಕೇತದ ಕೆಲಸಕ್ಕೆ ಇದ್ದ ಅನುಮತಿ ರದ್ದಾಯ್ತು.

ಅಷ್ಟರ ಮಧ್ಯೆಯೂ ಕೆಲಸ ನಿಲ್ಲಿಸಲಿಲ್ಲ. ಚಿರತೆ ಚುಕ್ಕೆ, ಜೀಬ್ರಾ ಪಟ್ಟೆ ಹೇಗೆ ಮೂಡುತ್ತೆ ಅಂತ ಎರಡು ರಾಸಾಯನಿಕಗಳ ಸಮೀಕರಣದಲ್ಲಿ ವಿವರಿಸೋ ಪ್ರಬಂಧ ಬಂದಿದ್ದೂ ಅದೇ 1952ರಲ್ಲಿ. ಇವತ್ತಿಗೂ ಜೀವವಿಜ್ಞಾನದವರು ಅದನ್ನ ಓದ್ತಾರೆ.

1954ರ ಜೂನ್ 7ರ ರಾತ್ರಿ ಟ್ಯೂರಿಂಗ್ ತೀರಿಕೊಂಡ್ರು. ಮಾರನೇ ದಿನ ಮನೆಕೆಲಸದಾಕೆ ನೋಡಿದ್ರು. ಸಾವಿಗೆ ಕಾರಣ ಸಯನೈಡ್. ಹಾಸಿಗೆ ಪಕ್ಕ ಅರ್ಧ ತಿಂದ ಸೇಬು, ಅದನ್ನ ಯಾರೂ ಪರೀಕ್ಷೆ ಮಾಡಲಿಲ್ಲ. ಆತ್ಮಹತ್ಯೆ ಅಂತ ವಿಚಾರಣೆಯಲ್ಲಿ ತೀರ್ಮಾನ ಆಯ್ತು. ಮನೆಯಲ್ಲಿ ರಾಸಾಯನಿಕ ಪ್ರಯೋಗ ಮಾಡ್ತಿದ್ದ ಮಗನಿಗೆ ಆಗಿದ್ದು ಆಕಸ್ಮಿಕ ಅಂತ ತಾಯಿ ಕೊನೆವರೆಗೂ ನಂಬಿದ್ರು. 42 ತುಂಬೋಕೆ ಎರಡು ವಾರ ಬಾಕಿ ಇತ್ತು.

ಬ್ಲೆಚ್ಲಿಯ ಗುಟ್ಟು ಜನಕ್ಕೆ ಗೊತ್ತಾಗಿದ್ದು 1970ರ ದಶಕದಲ್ಲಿ. 2009ರಲ್ಲಿ ಬ್ರಿಟಿಷ್ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದ್ರು. 2013ರ ಡಿಸೆಂಬರ್‌ನಲ್ಲಿ ರಾಣಿ ಕ್ಷಮಾದಾನ ಕೊಟ್ರು. 2021ರ ಜೂನ್ 23ಕ್ಕೆ, ಅವರ ಹುಟ್ಟುಹಬ್ಬದ ದಿನವೇ, 50 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಬಂತು. ಇದು ಬೇರೆ ದೇಶದ ಕಥೆ ಅಂತ ಅಂದ್ಕೋಬೇಡಿ. ಅಂಥದ್ದೇ ಕಾನೂನನ್ನ ಬ್ರಿಟಿಷರು ನಮಗೂ ಬರೆದಿಟ್ಟು ಹೋಗಿದ್ರು, ಸೆಕ್ಷನ್ 377. ಒಪ್ಪಿಗೆಯಿಂದ ಕೂಡಿದ ಇಬ್ಬರು ವಯಸ್ಕರಿಗೆ ಅದು ಅನ್ವಯ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ. ನಾನಾಗ ಶಾಲೆಗೆ ಹೋಗ್ತಿದ್ದೆ. ನಮ್ಮ ಕ್ಯಾಂಪಸ್ಸಿನಲ್ಲಿ ಈಗಲೂ ಈ ವಿಷಯ ಬರೋದು ಜೋಕಾಗಿಯೇ, ಆ ಜೋಕಿಗೆ ನಾನೂ ನಕ್ಕಿದ್ದೀನಿ. ಇನ್ಮೇಲೆ ನಗೋಕಾಗಲ್ಲ.

2012ರಲ್ಲಿ, ಟ್ಯೂರಿಂಗ್ ಹುಟ್ಟಿ 100 ವರ್ಷ ಆದಾಗ, ಟ್ಯೂರೋಚಾಂಪ್‌ನ ನಿಯಮಗಳನ್ನ ನಿಜವಾದ ಕಂಪ್ಯೂಟರಿಗೆ ಹಾಕಿ ಮ್ಯಾಂಚೆಸ್ಟರ್‌ನಲ್ಲಿ ಕ್ಯಾಸ್ಪರೊವ್ ಜೊತೆ ಆಡಿಸಿದ್ರು. ಕ್ಯಾಸ್ಪರೊವ್ 16 ನಡೆಯಲ್ಲಿ ಗೆದ್ರು. ಹಳೇ ಆಟವನ್ನ ಆ ಪ್ರೋಗ್ರಾಂ ಜೊತೆ ಹೋಲಿಸಿದಾಗ ಕೆಲವು ನಡೆಗಳು ಹೊಂದಲಿಲ್ಲ. ಅಂದ್ರೆ ಪೇಪರ್ ಮೇಲೆ ಲೆಕ್ಕ ಹಾಕ್ತಿದ್ದ ಟ್ಯೂರಿಂಗ್ ಅಲ್ಲಲ್ಲಿ ನಿಯಮ ತಪ್ಪಿದ್ರು.

ದಸರಾ ರಜೆಗೆ ಊರಿಗೆ ಹೋದಾಗ 29ನೇ ನಡೆಯ ಸ್ಥಾನವನ್ನ ಅಜ್ಜನ ಬೋರ್ಡ್ ಮೇಲೆ ಇಟ್ಟೆ. ಅಜ್ಜ ಕಾಫಿ ಮುಗಿಯೋವರೆಗೆ ನೋಡಿ, ರಾಜನ ಮೇಲಿಂದ ಡಿ8ರವರೆಗೆ ಬೆರಳೆಳೆದು, ಪೇದೆ ಬಿಟ್ಟು ಮಂತ್ರಿ ಹೊಡೆದ್ರು. ಆಮೇಲೆ ಆ ಮನುಷ್ಯನ ಕಥೆ ಹೇಳಿದೆ. ಪದಕ ಕೊಟ್ಟವರೇ ಹೀಗೂ ಮಾಡಿದ್ರಾ ಅಂತ ಎರಡು ಸಲ ಕೇಳಿದ್ರು. ಅವತ್ತು ಸಂಜೆ ಅಜ್ಜ ಕೇಳಿದಾಗ ನಾನು ಮಂತ್ರಿ ಬದಲಾಯಿಸ್ಕೊಂಡೆ. ಆದ್ರೂ ಸೋತೆ, ಆದ್ರೆ 60 ನಡೆ ಹಿಡೀತು.

ನೀವೂ ಹಾಸ್ಟೆಲ್ ಬೋರ್ಡ್ ಮೇಲೆ ಆ ಸ್ಥಾನ ಇಟ್ಟು, ಫೋನ್ ತೆಗೆಯೋ ಮೊದಲು ಪೆನ್ಸಿಲ್ ಹಿಡಿದು ಟ್ಯೂರಿಂಗ್ ನಿಯಮದಲ್ಲೇ ಲೆಕ್ಕ ಹಾಕಿ ನೋಡಿ. ನನಗೆ ಆ ಒಂದು ನಡೆಗೆ 40 ನಿಮಿಷ ಹಿಡೀತು. ಅದಕ್ಕಿಂತ ಬೇಗ ಮುಗಿಸಿದೋರು ಕನ್ನಡ ಸಂಘದ ರೂಮಿಗೆ ಬಂದು ಹೇಳಿ, ಒಂದು ಆಟ ಆಡೋಣ.